ಗಣಕಯಂತ್ರದ ಹಲ್ಲೆಣಿಸುವ ವಿದ್ಯೆ



ಎತ್ತು ಕೊಳ್ಳಲು ಸಂತೆಗೆ ಹೋದ ನಮ್ಮ ಹಿರಿಯರು ಮಾರುವವನ ಮಾತಿಗೆ ಕಿವಿಗೊಡುವ ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲೆಣಿಸುತ್ತಿದ್ದರು. ಗೊರಸು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಹಲ್ಲು ವಯಸ್ಸನ್ನು ಹೇಳುತ್ತದೆ, ನಡಿಗೆ ಕಸುವನ್ನು ಹೇಳುತ್ತದೆ ಎಂಬ ಅರಿವು ಅವರಿಗಿತ್ತು. ಇಂದು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೂವತ್ತು, ನಲವತ್ತು, ಅರವತ್ತು ಸಾವಿರ ರೂಪಾಯಿಗಳನ್ನು ತೆತ್ತು ಗಣಕಯಂತ್ರವನ್ನು ಮನೆಗೆ ತರುವ ನಾವು, ಅದರ ಹಲ್ಲೆಣಿಸುವುದಿರಲಿ, ಬಾಯಿ ಯಾವ ಕಡೆಗಿದೆ ಎಂಬುದನ್ನೂ ಅರಿಯದೆ ಬಣ್ಣ ನೋಡಿ, ಬೆಲೆ ಕೇಳಿ, ಹಣ ಎಣಿಸಿಕೊಟ್ಟು ಬರುತ್ತೇವೆ. ಹಾಗೆ ಬಂದವರಲ್ಲಿ ಈ ಅಂಕಣವನ್ನು ಬರೆಯುತ್ತಿರುವ ನಾವೂ ಒಬ್ಬರು. ಆದುದರಿಂದ ಈ ತಿಂಗಳ ಮಾತನ್ನು ನಮ್ಮ ತಪ್ಪಿನಿಂದಲೇ ಆರಂಭಿಸುವುದು ಉಚಿತವೆನಿಸುತ್ತದೆ.

2023ರಲ್ಲಿ ನಮ್ಮ ತಂಗಿಯ ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. ಆ ಮನೆತನದಲ್ಲಿ ಅಷ್ಟು ದೂರ ಓದಲು ಹೊರಟ ಮೊದಲ ಹೆಣ್ಣುಮಗಳು ಅವಳು. ತೊಗರಿ ಮಾರಿ ಬದಿಗಿರಿಸಿದ್ದ ಹಣದಲ್ಲಿ 40,000 ರೂಪಾಯಿಗಳನ್ನು ತಂಗಿಯ ಯಜಮಾನರು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಊರಿನಿಂದ ಬಂದರು. ‘ಓದಿದವರು’ ಎಂಬ ಕಾರಣಕ್ಕೆ ನಮ್ಮನ್ನು ಜೊತೆಗೆ ಕರೆದೊಯ್ದರು. ಅಂಗಡಿಯವರು ಒಂದು ಲ್ಯಾಪ್‌ಟಾಪ್ ತೆರೆದಿಟ್ಟು, “ಇದು ಐ7 ಸರ್, ಎಲ್ಲಕ್ಕಿಂತ ಮೇಲಿನದು. ಒಂದು ಟಿ.ಬಿ. ಇದೆ, ಜನ್ಮಪೂರ್ತಿ ತುಂಬುವುದಿಲ್ಲ” ಎಂದರು. ನಮಗೆ ಆ ಮಾತುಗಳ ಅರ್ಥ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲವೆಂದು ಹೇಳಲು ನಾಚಿಕೆಯಾಯಿತು. ತಿಳಿದವರಂತೆ ತಲೆಯಾಡಿಸಿದೆವು. ನಮ್ಮ ತಲೆಯಾಡಿದುದನ್ನು ನೋಡಿ ಅವರು ಹಣ ಎಣಿಸಿದರು. ಕೈಬರಹದ ಒಂದು ಚೀಟಿ ದೊರೆಯಿತು. ಅದರಲ್ಲಿ ‘ಲ್ಯಾಪ್‌ಟಾಪ್ – 1’ ಎಂದಷ್ಟೇ ಇತ್ತು.

ಆ ಯಂತ್ರದಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಅದರ ಅಂಗಾಂಗಗಳ ಪರಿಚಯ ಮಾಡಿಕೊಳ್ಳೋಣ.

ದಾಸೋಹದ ಅಡುಗೆಮನೆ

ಮಠದ ಜಾತ್ರೆಯಲ್ಲಿ ದಾಸೋಹದ ಅಡುಗೆಮನೆಯನ್ನು ಕಾಣದವರು ನಮ್ಮಲ್ಲಿ ವಿರಳ. ಅಲ್ಲಿ ಮೂರು ಸಂಗತಿಗಳಿವೆ. ದವಸಧಾನ್ಯಗಳನ್ನು ತುಂಬಿಟ್ಟ ಉಗ್ರಾಣ, ಆ ಹೊತ್ತಿಗೆ ಬೇಕಾದುದನ್ನು ತಂದು ಹರವಿಕೊಳ್ಳುವ ಕಟ್ಟೆ, ಮತ್ತು ಕೈ ಆಡಿಸಿ ಅಡುಗೆ ಮಾಡುವ ಬಾಣಸಿಗರು. ಗಣಕಯಂತ್ರದ ಒಡಲೂ ಹೀಗೆಯೇ. ಉಗ್ರಾಣವೆಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ.; ಕಟ್ಟೆಯೆಂದರೆ ರ್‍ಯಾಮ್; ಬಾಣಸಿಗರೆಂದರೆ ಪ್ರೊಸೆಸರ್. ಈ ಮೂವರನ್ನೂ ಒಂದೇ ಸೂರಿನಡಿ ಕೂಡಿಸಿ, ಒಬ್ಬರಿಂದೊಬ್ಬರಿಗೆ ದಾರಿ ಮಾಡಿಕೊಟ್ಟ ಹಲಗೆಯೇ ಮದರ್‌ಬೋರ್ಡ್. ಮೇಜಿನ ಮೇಲಿಡುವ ಗಣಕಯಂತ್ರದ ಇಡೀ ಪೆಟ್ಟಿಗೆಯನ್ನು ನಮ್ಮ ಕಡೆ ‘ಸಿ.ಪಿ.ಯು.’ ಎಂದು ಕರೆಯುವ ರೂಢಿಯಿದೆ. ವಾಸ್ತವವಾಗಿ ಸಿ.ಪಿ.ಯು. ಎಂದರೆ ಆ ಪೆಟ್ಟಿಗೆಯಲ್ಲ. ಅದರೊಳಗೆ ಮದರ್‌ಬೋರ್ಡಿನ ಮೇಲೆ ಕುಳಿತ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಪ್ರೊಸೆಸರ್ ಮಾತ್ರ.

ಪ್ರೊಸೆಸರ್: ಹೆಸರಿಗಿಂತ ತಲೆಮಾರು ಮುಖ್ಯ

1971ರಲ್ಲಿ ಇಂಟೆಲ್ ಸಂಸ್ಥೆಯು 4004 ಎಂಬ ಮೈಕ್ರೊಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಹತ್ತು ವರ್ಷಗಳ ತರುವಾಯ, 1981ರ ಆಗಸ್ಟಿನಲ್ಲಿ, ಐ.ಬಿ.ಎಂ. ಸಂಸ್ಥೆಯು ‘ಪರ್ಸನಲ್ ಕಂಪ್ಯೂಟರ್’ ಎಂಬ ಹೆಸರಿನ ಯಂತ್ರವನ್ನು ಬಿಡುಗಡೆ ಮಾಡಿತು. ಅದರೊಳಗಿದ್ದ 8088 ಎಂಬ ಪ್ರೊಸೆಸರಿನ ಗಡಿಯಾರ ಕ್ಷಣವೊಂದಕ್ಕೆ 47 ಲಕ್ಷಕ್ಕೂ ಮಿಗಿಲಾಗಿ, ಅಂದರೆ 4.77 ಮೆಗಾಹರ್ಟ್ಸ್ ವೇಗದಲ್ಲಿ ಮಿಡಿಯುತ್ತಿತ್ತು. ಇಂದಿನ ಯಂತ್ರಗಳ ವೇಗವನ್ನು ಗಿಗಾಹರ್ಟ್ಸ್‌ಗಳಲ್ಲಿ ಎಣಿಸುತ್ತಾರೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತಗಳು. 1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರಿನ ನಿರ್ಮಾಣದಲ್ಲಿ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಅವರ ಪಾತ್ರ ಹಿರಿದಾಗಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ.

ಹಿಂದೆ ಒಂದು ಪ್ರೊಸೆಸರಿನಲ್ಲಿ ಒಬ್ಬನೇ ಬಾಣಸಿಗನಿರುತ್ತಿದ್ದ. ಈಗ ಒಂದರಲ್ಲಿಯೇ ಎರಡು, ನಾಲ್ಕು, ಆರು, ಎಂಟು ಮಂದಿ ಇರುತ್ತಾರೆ. ಇವರನ್ನೇ ‘ಕೋರ್’ ಎನ್ನುವುದು. ಏಕಕಾಲದಲ್ಲಿ ಹಲವು ಕೆಲಸಗಳು ನಡೆಯಬೇಕಾದಾಗ ಒಬ್ಬನ ಕೈವೇಗಕ್ಕಿಂತ ಕೈಗಳ ಸಂಖ್ಯೆಯೂ ಮುಖ್ಯವಾಗುತ್ತದೆಯಲ್ಲವೆ?

ಇನ್ನು ಅಂಗಡಿಗಳಲ್ಲಿ ಕೇಳಿಬರುವ ಐ3, ಐ5, ಐ7 ಎಂಬ ಮಾತುಗಳು. ಇವು ಇಂಟೆಲ್ ಸಂಸ್ಥೆಯು ತನ್ನ ಪ್ರೊಸೆಸರುಗಳಿಗೆ ಕೊಟ್ಟ ದರ್ಜೆಗಳು. ಐ7 ಎಂಬ ಹೆಸರು 2008ರಲ್ಲಿಯೇ ಬಂದುದು. ಅಂದ ಮೇಲೆ ‘ಐ7’ ಎಂದಷ್ಟೇ ಹೇಳಿದರೆ ಅದು ಹತ್ತು ವರ್ಷ ಹಳೆಯದೂ ಆಗಿರಬಹುದು, ತೀರ ಇತ್ತೀಚಿನದೂ ಆಗಿರಬಹುದು. ಹೆಸರಿನ ಮುಂದಿರುವ ಅಂಕಿಯಲ್ಲಿ ಅದರ ತಲೆಮಾರು ಅಡಗಿದೆ. ಐ7-7500ಯು ಎಂದಿದ್ದರೆ ಏಳನೆಯ ತಲೆಮಾರು. ಅದು 2016ರದು, ಅದರಲ್ಲಿರುವ ಕೋರುಗಳು ಕೇವಲ ಎರಡು. ಐ3-1215ಯು ಎಂದಿದ್ದರೆ ಹನ್ನೆರಡನೆಯ ತಲೆಮಾರು. ಅದು 2022ರದು, ಅದರಲ್ಲಿ ಆರು ಕೋರುಗಳಿವೆ. ಕೆಳದರ್ಜೆಯದೆಂದು ನಾವು ಬದಿಗೆ ಸರಿಸುವ ಹೊಸ ಐ3, ಮೇಲ್ದರ್ಜೆಯದೆಂದು ಬೆರಗಾಗುವ ಹಳೆಯ ಐ7ನ್ನು ಹಿಂದೆ ಹಾಕುವುದುಂಟು. ಎಳೆಯ ಎತ್ತು ಚಿಕ್ಕದಾದರೂ ಮುದಿ ಎತ್ತಿಗಿಂತ ಹೆಚ್ಚು ಗಳೆ ಹೊಡೆಯುವಂತೆ. ತಲೆಮಾರಿನ ಈ ಅಂಕಿಯೇ ಗಣಕಯಂತ್ರದ ಹಲ್ಲು. 2023ರ ಕೊನೆಯಿಂದ ಇಂಟೆಲ್ ಸಂಸ್ಥೆಯು ‘ಕೋರ್ ಅಲ್ಟ್ರಾ’ ಎಂಬ ಹೊಸ ಹೆಸರನ್ನೂ ಬಳಕೆಗೆ ತಂದಿದೆ. ಎ.ಎಂ.ಡಿ. ಸಂಸ್ಥೆಯ ‘ರೈಝೆನ್’ ಪ್ರೊಸೆಸರುಗಳು 2017ರಿಂದ ಬಂದಿವೆ. ಹೆಸರು ಯಾವುದೇ ಇರಲಿ, ಪೂರ್ಣ ಸಂಖ್ಯೆಯನ್ನು ಬರೆದುಕೊಂಡು, ಅದು ಯಾವ ವರ್ಷದ್ದು, ಎಷ್ಟು ಕೋರುಗಳದ್ದು ಎಂದು ಕೇಳುವುದೇ ಜಾಣತನ.

ರ್‍ಯಾಮ್: ಕಟ್ಟೆಯ ಅಗಲ

ಬಾಣಸಿಗರು ಎಷ್ಟೇ ನುರಿತವರಾದರೂ ಕಟ್ಟೆ ಇಕ್ಕಟ್ಟಾಗಿದ್ದರೆ ಕೆಲಸ ಸಾಗದು. ಒಂದನ್ನು ತೆಗೆದಿಟ್ಟು ಇನ್ನೊಂದನ್ನು ತರಲು ಉಗ್ರಾಣಕ್ಕೆ ಓಡಾಡುವುದರಲ್ಲಿಯೇ ಹೊತ್ತು ಕಳೆಯುತ್ತದೆ. ರ್‍ಯಾಮ್ ಕಡಿಮೆಯಾದಾಗ ಗಣಕಯಂತ್ರವು ತಡವರಿಸುವುದು ಇದೇ ಕಾರಣದಿಂದ. ಇನ್ನೊಂದು ಮಾತು: ಊಟ ಮುಗಿದ ಮೇಲೆ ಕಟ್ಟೆಯನ್ನು ತೊಳೆಯುವಂತೆ, ವಿದ್ಯುತ್ ನಿಂತೊಡನೆ ರ್‍ಯಾಮಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ‘ಸೇವ್’ ಮಾಡುವುದೆಂದರೆ ಕಟ್ಟೆಯ ಮೇಲಿನದನ್ನು ಉಗ್ರಾಣಕ್ಕೆ ಸೇರಿಸುವುದೆಂದೇ ಅರ್ಥ.

ಇಂದಿನ ವಿದ್ಯಾರ್ಥಿಗಳ ಕೆಲಸಕ್ಕೆ 8 ಜಿ.ಬಿ. ರ್‍ಯಾಮ್ ಕನಿಷ್ಠವೆಂದೂ, ಇಂಜಿನಿಯರಿಂಗ್ ಓದುವವರಿಗೆ 16 ಜಿ.ಬಿ. ಇದ್ದರೆ ನೆಮ್ಮದಿಯೆಂದೂ ತಿಳಿಯಬಹುದು. ರ್‍ಯಾಮಿನಲ್ಲಿಯೂ ತಲೆಮಾರುಗಳಿವೆ. ಡಿ.ಡಿ.ಆರ್.4 ಎಂಬುದು 2014ರ ಸುಮಾರಿಗೆ ಬಂದಿತು, ಡಿ.ಡಿ.ಆರ್.5ರ ಮಾನಕವು 2020ರಲ್ಲಿ ಪ್ರಕಟವಾಯಿತು. ಒಂದು ಬಗೆಯ ಪಟ್ಟಿ ಇನ್ನೊಂದು ಬಗೆಯ ಗಾಡಿಯಲ್ಲಿ ಕೂರದು; ಪಟ್ಟಿಯಲ್ಲಿ ಕೊರೆದ ಕಚ್ಚಿನ ಜಾಗವೇ ಬೇರೆ. ಮತ್ತೆ ಕೆಲವು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಅದರ ಜೊತೆಗೆ ಖಾಲಿ ಗೂಡು ಇಲ್ಲದಿದ್ದರೆ ಮುಂದೆಂದೂ ಹೆಚ್ಚಿಸಲಾಗದು. ಆದುದರಿಂದ “ರ್‍ಯಾಮ್ ಎಷ್ಟು?” ಎಂದು ಕೇಳಿದರೆ ಸಾಲದು, “ಮುಂದೆ ಹೆಚ್ಚಿಸಬಹುದೆ? ಖಾಲಿ ಗೂಡು ಇದೆಯೆ?” ಎಂದೂ ಕೇಳಬೇಕು.

ಉಗ್ರಾಣ: ಹಿರಿದೋ, ಚುರುಕೋ?

1956ರಲ್ಲಿ ಐ.ಬಿ.ಎಂ. ಸಂಸ್ಥೆಯು ನಿರ್ಮಿಸಿದ ಮೊದಲ ಡಿಸ್ಕ್ ಸಂಗ್ರಹಯಂತ್ರದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ತಟ್ಟೆಗಳು ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಚಿಹ್ನೆಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಸ್ಥಳ ಬೇಕಾಗುತ್ತದೆ.

ಸ್ಥಳವನ್ನು ಅಳೆಯುವ ಮಾನವೇ ಬೈಟ್. ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ನಮ್ಮ ಕನ್ನಡದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಯುನಿಕೋಡ್ ಪದ್ಧತಿಯಲ್ಲಿ ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಯು.ಟಿ.ಎಫ್.-8 ಕ್ರಮದಂತೆ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ‘ಬಸವ’ ಎಂಬ ಮೂರು ಅಕ್ಷರಗಳಿಗೆ ಒಂಬತ್ತು ಬೈಟ್. ‘ಕ್ಕ’ ಎಂಬ ಒತ್ತಕ್ಷರವು ಕಣ್ಣಿಗೆ ಒಂದೇ ಆದರೂ ಒಳಗೆ ಮೂರು ಚಿಹ್ನೆಗಳಾದುದರಿಂದ ಅದಕ್ಕೂ ಒಂಬತ್ತು ಬೈಟ್. ಪುಟಕ್ಕೆ 1,500 ಚಿಹ್ನೆಗಳಂತೆ 300 ಪುಟಗಳ ಒಂದು ಗ್ರಂಥವು ಸುಮಾರು 13 ಲಕ್ಷ 50 ಸಾವಿರ ಬೈಟ್‌ಗಳಾಗುತ್ತದೆ. ಈ ಲೆಕ್ಕದಲ್ಲಿ 512 ಜಿ.ಬಿ. ಉಗ್ರಾಣದಲ್ಲಿ ಅಂಥ ಮೂರೂವರೆ ಲಕ್ಷಕ್ಕೂ ಮಿಗಿಲಾದ ಗ್ರಂಥಗಳು ಹಿಡಿಯುತ್ತವೆ. ಅಂದ ಮೇಲೆ ಉಗ್ರಾಣವನ್ನು ತುಂಬುವುದು ನಮ್ಮ ಓದುಬರಹವಲ್ಲ. ಛಾಯಾಚಿತ್ರಗಳು ಮತ್ತು ವೀಡಿಯೋಗಳು.

ಇಲ್ಲಿ ಒಂದು ಸಂಶಯವನ್ನು ಪರಿಹರಿಸಬೇಕು. 512 ಜಿ.ಬಿ. ಎಂದು ಕೊಂಡುದು ಮನೆಗೆ ಬಂದು ನೋಡಿದರೆ 476 ಎಂದು ತೋರುತ್ತದೆ, 1 ಟಿ.ಬಿ. ಎಂದುದು 931 ಜಿ.ಬಿ. ಎಂದು ತೋರುತ್ತದೆ. ಇದರಲ್ಲಿ ಮೋಸವಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಧಾನ್ಯ ಅಷ್ಟೇ, ಅಳೆಯುವ ಸೇರು ಬೇರೆ.

ಆದರೆ ಉಗ್ರಾಣದ ವಿಸ್ತಾರಕ್ಕಿಂತ ಮುಖ್ಯವಾದುದು ಅಲ್ಲಿಂದ ಸಾಮಾನು ಎಷ್ಟು ಬೇಗ ಹೊರಬರುತ್ತದೆ ಎಂಬುದು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಒಂದು ಮುಳ್ಳು ಅತ್ತಿತ್ತ ಚಲಿಸಿ ಬೇಕಾದುದನ್ನು ಹುಡುಕುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಎಂಬ ತಂತ್ರಜ್ಞರು ಕಂಡುಹಿಡಿದ ‘ಫ್ಲ್ಯಾಶ್’ ಸ್ಮೃತಿಯೇ ಅದರ ಜೀವಾಳ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಮೆಗಾಬೈಟ್ ಓದಬಲ್ಲದು. ಸಾಟಾ ಎಂಬ ಜೋಡಣೆಯ ಎಸ್.ಎಸ್.ಡಿ. ಸುಮಾರು 550ರವರೆಗೆ ಓದುತ್ತದೆ. ಎನ್.ವಿ.ಎಂ.ಇ. ಎಂಬ ಬಗೆಯದು ಸಾವಿರಾರು ಮೆಗಾಬೈಟ್‌ಗಳನ್ನು ಓದುತ್ತದೆ. ಹೀಗಾಗಿ 1 ಟಿ.ಬಿ. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕಿಂತ 256 ಜಿ.ಬಿ. ಎಸ್.ಎಸ್.ಡಿ. ಇರುವ ಯಂತ್ರವು ಎಷ್ಟೋ ಪಾಲು ಚುರುಕು. ‘ಮೆಮರಿ 256’ ಎಂದು ಯಾರಾದರೂ ಹೇಳಿದರೆ ಅದು ಉಗ್ರಾಣದ ಮಾತು, ಕಟ್ಟೆಯ ಮಾತಲ್ಲ ಎಂಬುದನ್ನೂ ನೆನಪಿಡಬೇಕು. ಅಂಗಡಿಗಳಲ್ಲಿ ಇವೆರಡನ್ನೂ ‘ಮೆಮರಿ’ ಎಂದೇ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ.

ನಮ್ಮ ಮನೆಯ ಯಂತ್ರದ ಕಥೆ

ಈಗ ನಮ್ಮ ತಪ್ಪಿನ ಮಾತಿಗೆ ಮರಳೋಣ. ಆ ವರ್ಷ ದೀಪಾವಳಿಗೆ ಮಗಳು ಹಾಸ್ಟೆಲಿನಿಂದ ಬಂದಾಗ ನಮ್ಮ ಮನೆಯಲ್ಲಿ ಕುಳಿತು ಯಂತ್ರವನ್ನು ತೆರೆದಳು. ಅದು ಏಳುವಷ್ಟರಲ್ಲಿ ನಮ್ಮ ಮನೆಯವರು ಚಹಾ ಕಾಸಿ, ಸೋಸಿ, ತಂದಿಟ್ಟಿದ್ದರು. ಏಕೆ ಹೀಗೆಂದು ಕೇಳಿದಾಗ ಅವಳು ತಲೆ ತಗ್ಗಿಸಿ ಹೇಳಿದಳು. ಅದು ಐ7 ಹೌದು, ಆದರೆ ಏಳನೆಯ ತಲೆಮಾರಿನದು. ಎರಡೇ ಕೋರು, 4 ಜಿ.ಬಿ. ರ್‍ಯಾಮ್, ಉಗ್ರಾಣವೋ ಹಾರ್ಡ್ ಡಿಸ್ಕ್. ಒಮ್ಮೆ ಬೇರೆಯವರು ಬಳಸಿ ಬಿಟ್ಟುದನ್ನು ಒರೆಸಿ, ಹೊಳಪು ಕೊಟ್ಟು, ಹೊಸದರ ಬೆಲೆಗೆ ನಮಗೆ ಮಾರಿದ್ದರು. ತರಗತಿಯಲ್ಲಿ ಉಳಿದವರು ಕೆಲಸ ಮುಗಿಸಿದರೂ ಅವಳ ಯಂತ್ರ ಇನ್ನೂ ಏಳುತ್ತಿರಲಿಲ್ಲವಂತೆ. ಗೆಳತಿಯ ಯಂತ್ರ ಬಿಡುವಾಗುವವರೆಗೆ ರಾತ್ರಿ ಕಾದು ಕುಳಿತು ಅಭ್ಯಾಸ ಮಾಡುತ್ತಿದ್ದಳಂತೆ. ಎಲ್ಲವನ್ನೂ ಹೇಳಿ, ಕೊನೆಗೆ ಒಂದು ಮಾತು ಕೇಳಿಕೊಂಡಳು: “ಮಾಮಾ, ಅಪ್ಪಗ ಮಾತ್ರ ಹೇಳಬ್ಯಾಡ್ರಿ. ಮನಸ್ಸಿಗೆ ಹಚ್ಚಿಕೋತಾರ.”

ಅಂಗಡಿಗೆ ಹೋಗಿ ಕೇಳಿದೆವು. ಚೀಟಿಯಲ್ಲಿ ‘ಲ್ಯಾಪ್‌ಟಾಪ್ – 1’ ಎಂದಷ್ಟೇ ಇತ್ತಲ್ಲ, ಅವರು ಕೊಟ್ಟುದೂ ಲ್ಯಾಪ್‌ಟಾಪೇ! ವಾದಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಆಮೇಲೆ ಪರಿಚಿತ ರಿಪೇರಿಯವರೊಬ್ಬರಲ್ಲಿಗೆ ಹೋದೆವು. ಅವರು ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ, ರ್‍ಯಾಮಿಗೆ ಒಂದು ಗೂಡು ಖಾಲಿ ಇದೆಯೆಂದರು. ಅಲ್ಲಿ 8 ಜಿ.ಬಿ.ಯ ಒಂದು ಡಿ.ಡಿ.ಆರ್.4 ಪಟ್ಟಿ ಹಾಕಿಸಿದೆವು. ಹಾರ್ಡ್ ಡಿಸ್ಕನ್ನು ತೆಗೆಸಿ ಅದರ ಜಾಗದಲ್ಲಿ ಸಾಟಾ ಎಸ್.ಎಸ್.ಡಿ. ಕೂಡಿಸಿದೆವು. ತೆಗೆದ ಹಾರ್ಡ್ ಡಿಸ್ಕಿಗೆ ಒಂದು ಪುಟ್ಟ ಕವಚ ಹಾಕಿ, ಪಾಠಗಳ ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳಲು ಅವಳಿಗೇ ಕೊಟ್ಟರು. ಎಲ್ಲ ಸೇರಿ ಆರು ಸಾವಿರ ರೂಪಾಯಿಯೊಳಗೆ ಆಯಿತು. ಚಹಾ ಕಾಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಯಂತ್ರವು ಅರ್ಧ ನಿಮಿಷದೊಳಗೆ ಏಳತೊಡಗಿತು. ಬಾಣಸಿಗರು ಅವರೇ, ಕಟ್ಟೆ ಅಗಲವಾಯಿತು, ಉಗ್ರಾಣ ಹತ್ತಿರವಾಯಿತು, ಅಷ್ಟೆ. ನಿಮ್ಮ ಮನೆಯಲ್ಲಿಯೂ ಹಳೆಯ ಯಂತ್ರವಿದ್ದು ಅದನ್ನು ಎಸೆಯಬೇಕೆಂದು ಯಾರಾದರೂ ಹೇಳಿದರೆ, ಮೊದಲು ಈ ಎರಡನ್ನು ವಿಚಾರಿಸಿ.

ಆದರೆ ತಲೆಮಾರನ್ನು ಬದಲಿಸಲು ಆಗಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳಿಗೆ ಮಾತ್ರ ಅಧಿಕೃತವಾಗಿ ಕೊಡುತ್ತಾರೆ. ನಮ್ಮದು ಏಳನೆಯದು. ಮಗಳು ಧೃತಿಗೆಡದೆ, ಹಣ ಕೊಡದೆ ದೊರೆಯುವ ಉಬುಂಟು ಲಿನಕ್ಸನ್ನು ತಾನೇ ಅಳವಡಿಸಿಕೊಂಡು ಅದೇ ಯಂತ್ರದಲ್ಲಿ ಓದು ಮುಂದುವರಿಸಿದಳು. ಒಂದೇ ಒಂದು ಅಂಕಿಯನ್ನು ಕೇಳದಿದ್ದುದರ ಫಲ ಎಷ್ಟು ದೂರ ಬಂದಿತು ನೋಡಿ.

ಅಂಗಡಿಯಲ್ಲಿ ಕೇಳಬೇಕಾದುದು

ಯಂತ್ರವನ್ನು ಚಾಲೂ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’ ಎಂಬಲ್ಲಿಗೆ ಹೋದರೆ ಪ್ರೊಸೆಸರಿನ ಪೂರ್ಣ ಹೆಸರು, ಕೋರುಗಳ ಸಂಖ್ಯೆ, ರ್‍ಯಾಮ್ ಎಷ್ಟು, ಗೂಡುಗಳಲ್ಲಿ ಎಷ್ಟು ಬಳಕೆಯಾಗಿವೆ, ಡಿಸ್ಕ್ ಯಾವ ಬಗೆಯದು ಎಂಬುದೆಲ್ಲ ಕಾಣುತ್ತದೆ. ಅಂಗಡಿಯವರ ಬಾಯಿಮಾತಿಗಿಂತ ಯಂತ್ರದ ಬಾಯಿಮಾತು ನಂಬಲರ್ಹ. ಇದಕ್ಕೆ ಎರಡು ನಿಮಿಷ ಸಾಕು.

ಪರದೆಯು ‘ಫುಲ್ ಎಚ್.ಡಿ.’, ಅಂದರೆ 1920×1080 ಚುಕ್ಕೆಗಳದ್ದಾಗಿರಲಿ. ಗಂಟೆಗಟ್ಟಲೆ ಓದುವ ಮಕ್ಕಳ ಕಣ್ಣಿಗೆ ಅಕ್ಷರ ಸ್ಪಷ್ಟವಾಗಿ ಕಾಣಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಆಟಗಳಿಗೆ, ಚಲನಚಿತ್ರ ಸಂಕಲನಕ್ಕೆ, ಕೆಲವು ತಾಂತ್ರಿಕ ವಿನ್ಯಾಸಗಳಿಗೆ ಮಾತ್ರ. ಸಾಮಾನ್ಯ ಓದುಬರಹಕ್ಕೆ ಪ್ರೊಸೆಸರಿನೊಳಗಿನದೇ ಸಾಕು. ಪಕ್ಕದ ಕಿಂಡಿಗಳನ್ನೂ ನೋಡಿರಿ. ಯು.ಎಸ್.ಬಿ. ಎಂಬ ಕಿಂಡಿಯ ಮಾನಕವು 1996ರಲ್ಲಿ ಬಂದಿತು. ಅದನ್ನು ರೂಪಿಸಿದವರಲ್ಲಿ ಭಾರತೀಯ ಮೂಲದ ಅಜಯ್ ಭಟ್ ಪ್ರಮುಖರು. 2014ರಲ್ಲಿ ಬಂದ ‘ಸಿ’ ಬಗೆಯ ಕಿಂಡಿಗೆ ಮೇಲು–ಕೆಳಗೆಂಬ ಭೇದವಿಲ್ಲ, ಹೇಗೆ ತೂರಿಸಿದರೂ ಕೂರುತ್ತದೆ.

ರಸೀದಿಯು ಜಿ.ಎಸ್.ಟಿ. ಸಹಿತವಾಗಿರಲಿ. ಅದರಲ್ಲಿ ಮಾದರಿಯ ಪೂರ್ಣ ಹೆಸರು, ಪ್ರೊಸೆಸರಿನ ಸಂಖ್ಯೆ, ರ್‍ಯಾಮ್, ಎಸ್.ಎಸ್.ಡಿ., ಯಂತ್ರದ ಕ್ರಮಸಂಖ್ಯೆ ಇವೆಲ್ಲ ಬರೆದಿರಬೇಕು. ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು ಖಾತರಿಯ ಅವಧಿಯನ್ನು ನೋಡಿರಿ. ಹೊಸದೆಂದು ಹೇಳಿದ ಯಂತ್ರದ ಖಾತರಿ ಎಂದೋ ಮುಗಿದಿದ್ದರೆ ಅದು ಹೊಸದಲ್ಲ. ಬಳಸಿದ ಯಂತ್ರವನ್ನು ಕೊಳ್ಳುವುದು ತಪ್ಪಲ್ಲ. ಆದರೆ ಬಳಸಿದುದೆಂದು ತಿಳಿದು, ಅದಕ್ಕೆ ತಕ್ಕ ಬೆಲೆಗೆ ಕೊಳ್ಳಬೇಕು. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸಬಹುದು. ಎರಡಕ್ಕೂ ಆಧಾರ ಆ ರಸೀದಿಯೇ.

ಮಗಳು ಬೇಡವೆಂದರೂ ಕಡೆಗೆ ನಾವೇ ಊರಿಗೆ ಹೋಗಿ ತಂಗಿಯ ಯಜಮಾನರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆವು. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎತ್ತು ಕೊಳ್ಳಾಕ ಹೋದಾಗ ತಿಳೀಲಿಲ್ಲಂದ್ರ ತಿಳಿದವರನ್ನ ಕೇಳತೀವಿ. ಅಂಗಡ್ಯಾಗ ನೀವ್ಯಾಕ ಕೇಳಲಿಲ್ಲರಿ?” ಎಂದರು. ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ತಿಳಿಯದಿರುವುದು ಕೊರತೆಯಲ್ಲ, ತಿಳಿದಂತೆ ತಲೆಯಾಡಿಸುವುದು ಕೊರತೆ. ಅದರ ಬೆಲೆಯನ್ನು ತೆತ್ತವಳು ನಮ್ಮ ಮಗಳು. ನಿಮ್ಮ ಮನೆಯ ಮಕ್ಕಳಿಗೆ ಹಾಗಾಗದಿರಲಿ. ಮುಂದಿನ ಬಾರಿ ಅಂಗಡಿಗೆ ಹೋಗುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ, ಈ ಪುಟವನ್ನೂ ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿರಿ, ಸಂಕೋಚವಿಲ್ಲದೆ ಕೇಳಿರಿ.